ಮನೆ ಮಾರೋ ಮುಂಚೆ ಪೇಂಟ್ ಅಲ್ಲ, ನೀರು ನೋಡಿ

"ಸಾರ್, ಮನೆ ಮಾರೋಣ ಅಂತಿದೀವಿ, ಒಂದು ಕೋಟ್ ಪೇಂಟ್ ಹೊಡೆಸಿಬಿಡ್ಲಾ?" ಮಳೆ ಬಿಡುವ ಹೊತ್ತಿಗೆ ನನಗೆ ಇಂಥ ಫೋನು ಶುರುವಾಗುತ್ತವೆ. ಶಿವಮೊಗ್ಗದ ವಿನೋಬನಗರದ ಆರ್‌ಸಿಸಿ ಮನೆ ಇರಲಿ, ತೀರ್ಥಹಳ್ಳಿ ಕಡೆಯ ಹೆಂಚಿನ ಮನೆ ಇರಲಿ, ನನ್ನ ಉತ್ತರ ಒಂದೇ. ಪೇಂಟ್ ಕೊನೆಗೆ. ಮೊದಲು ನೀರು ಎಲ್ಲಿಂದ ಬರ್ತಿದೆ ನೋಡಿ.

ನಾನು ಸಿವಿಲ್ ಇಂಜಿನಿಯರ್. ಹಳೆ ಮನೆ ರಿಪೇರಿ ಮಾಡಿಸುತ್ತೇನೆ, ಮನೆಗೆ ಬೆಲೆ ಕಟ್ಟಿಯೂ ಕೊಡುತ್ತೇನೆ. ಹಾಗಾಗಿ ಮಾರುವವರ ಜೊತೆಗೂ ಓಡಾಡುತ್ತೇನೆ, ಕೊಳ್ಳುವವರ ಜೊತೆಗೂ. ನಮ್ಮ ಕಡೆ ಮನೆ ನೋಡಲು ಬರುವವರು ಹೊಸ ಬಣ್ಣಕ್ಕೆ ಮರುಳಾಗುವ ಪೈಕಿ ಅಲ್ಲ. ಒಂದು ಮನೆಯಲ್ಲಿ ಹೀಗಾಯಿತು. ಎಲ್ಲರೂ ಹಾಲ್‌ನಲ್ಲಿ ಕೂತು ಕಾಫಿ ಕುಡಿದು, ಮನೆ ಚೆನ್ನಾಗಿದೆ ಅಂದು, ಇನ್ನೇನು ಅಡ್ವಾನ್ಸ್ ಮಾತು ಎತ್ತಬೇಕು ಅನ್ನುವಾಗ, ಬಂದವರಲ್ಲಿ ಒಬ್ಬರು ಅಜ್ಜಿ ಸುಮ್ನೆ ಎದ್ದು ಪಶ್ಚಿಮದ ಕೋಣೆಗೆ ಹೋಗಿ, ಗೋಡೆಗೆ ತಾಗಿದ್ದ ಕಪಾಟು ತೆಗೆದು, ಮಡಚಿಟ್ಟಿದ್ದ ಕಂಬಳಿ ಮೂಸಿ ನೋಡಿದರು. ಮುಗ್ಗಲು ವಾಸನೆ. ಅಜ್ಜಿ ಏನೂ ಹೇಳಲಿಲ್ಲ, ಮಗನ ಮುಖ ನೋಡಿದರು ಅಷ್ಟೇ. ಆ ಗೋಡೆಗೆ ಹಿಂದಿನ ತಿಂಗಳಷ್ಟೇ ಪಿವಿಸಿ ಪ್ಯಾನೆಲ್ ಹೊಡೆಸಿದ್ದರು. ಅದೇ ದುಡ್ಡಲ್ಲಿ ಹೊರಗಿನ ಬಿರುಕು ಮುಚ್ಚಿಸಿ ಸೂರು ಎರಡಡಿ ಮುಂದೆ ತಂದಿದ್ದರೆ ಸಾಕಿತ್ತು.

ಅಜ್ಜಿ ಪಶ್ಚಿಮಕ್ಕೇ ಹೋಗಿದ್ದು ಯಾಕೆ? ನಮ್ಮ ಮಳೆ ನೈಋತ್ಯದಿಂದ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ಜೊತೆ ಓರೆಯಾಗಿ ಹೊಡೆಯುವ ಇರಚಲು ಜಾಸ್ತಿ ಬಡಿಯುವುದು ದಕ್ಷಿಣ, ಪಶ್ಚಿಮದ ಗೋಡೆಗಳಿಗೇ. ಹಿಂದೆ ಅಲ್ಲೆಲ್ಲ ಅಡಿಕೆ ಸೋಗೆ ಕಟ್ಟುತ್ತಿದ್ದರು. ಈಗ ಸೋಗೆ ಕಟ್ಟಿದರೆ ಮನೆ ಹಳೆಯದಾಗಿ ಕಾಣುತ್ತೆ ಅಂತ ಬಿಟ್ಟಿದ್ದಾರೆ. ಬದಲಿಗೆ ಬೇರೇನೂ ಮಾಡಿಲ್ಲ.

ಗೋಡೆಯಲ್ಲಿ ತೇವ ಕಂಡರೆ ಅದು ಯಾವ ತೇವ ಅಂತ ಮೊದಲು ತಿಳಿಯಬೇಕು. ಇದಕ್ಕೆ ಮಿಷನ್ ಬೇಡ. ಒಂದು ಅಡಿ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಗಟ್ಟಿ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆ ಕಡೆಗೆ, ನೀರು ಕೂತಿದ್ದರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಹೊರಮೈಯಲ್ಲಿ ಹನಿ ಇದ್ದರೆ ಅದು ಕೋಣೆಯ ಗಾಳಿಯ ತೇವ. ಕಿಟಕಿ ತೆಗೆದು ಗಾಳಿ ಆಡಿಸಿದರೆ ಬಹಳಷ್ಟು ಸರಿಹೋಗುತ್ತದೆ. ವರ್ಷಗಟ್ಟಲೆ ಬೀಗ ಹಾಕಿದ ಮನೆಗಳ ಕಥೆ ಸಾಮಾನ್ಯವಾಗಿ ಈ ಎರಡನೆಯದು. ಮಕ್ಕಳು ಬೆಂಗಳೂರಲ್ಲಿ ಇರ್ತಾರೆ, ಮನೆ ಉಸಿರುಕಟ್ಟಿ ಕೂತಿರುತ್ತೆ.

ಜಾಸ್ತಿ ತಲೆನೋವು ಕೊಡುವುದು ನೆಲದಿಂದ ಏರುವ ತೇವ. ನೆಲದಿಂದ ಸುಮಾರು ಮೂರಡಿವರೆಗೆ ಬಣ್ಣ ಉಬ್ಬಿ, ಬಿಳಿ ಉಪ್ಪು ಹೂವಿನಂತೆ ಎದ್ದು, ಗಾರೆ ಪುಡಿಪುಡಿಯಾಗಿ ಉದುರುತ್ತಿದ್ದರೆ ಅದೇ. ಹಳೆಯ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆಗಳು ನೀರನ್ನು ಕುಡಿಯುತ್ತವೆ, ಬಿಸಿಲಿಗೆ ಬಿಡುತ್ತವೆ. ನಾವು ಮಾಡುವುದೇನು? ಅದರ ಮೇಲೆ ಸಿಮೆಂಟ್ ಗಾರೆ, ವಾಟರ್‌ಪ್ರೂಫ್ ಪೇಂಟ್, ಕೊನೆಗೆ ಮೂರಡಿ ಟೈಲ್ಸ್. ಹೊರಗೆ ಬರಲು ದಾರಿ ಇಲ್ಲದೆ ನೀರು ಇನ್ನೂ ಮೇಲಕ್ಕೆ ಹತ್ತಿ ಟೈಲ್ಸ್ ದಾಟಿ ನಾಲ್ಕಡಿಯಲ್ಲಿ ಮುಖ ತೋರಿಸುತ್ತದೆ. ಉದುರುವ ಗಾರೆ ಕೆತ್ತಿಸಿ, ಒಂದು ಬೇಸಿಗೆ ಒಣಗಲು ಬಿಟ್ಟು, ಸುಣ್ಣದ ಗಾರೆ ಮಾಡಿಸಿ. ಸುಣ್ಣದ ಗಾರೆ ಬಲ್ಲ ಮೇಸ್ತ್ರಿ ಸಿಗುವುದು ಕಷ್ಟ, ಒಪ್ಪುತ್ತೇನೆ.

ಅದಕ್ಕೂ ಮುಂಚೆ ಮನೆ ಸುತ್ತ ಒಂದು ಸುತ್ತು ಹಾಕಿ ಬನ್ನಿ. ವರ್ಷ ವರ್ಷ ಮಣ್ಣು, ಜಲ್ಲಿ, ಇಂಟರ್‌ಲಾಕ್ ಅಂತ ಹಾಕುತ್ತಾ ಅಂಗಳವೇ ಒಳಗಿನ ನೆಲದ ಮಟ್ಟಕ್ಕೆ ಬಂದಿರುತ್ತದೆ. ಹಿತ್ತಲ ಕಡೆ ಧರೆ, ಅಂದರೆ ಕಡಿದ ಗುಡ್ಡದ ಬದಿ, ಇದ್ದರಂತೂ ಗುಡ್ಡದ ನೀರು ನೇರ ಪಾಯಕ್ಕೇ ಇಳಿಯುತ್ತದೆ. ಆ ಮಣ್ಣು ತೆಗೆಸಿ, ಅಂಗಳ ನೆಲಮಟ್ಟಕ್ಕಿಂತ ಅರ್ಧ ಅಡಿಯಾದರೂ ಕೆಳಗಿರುವಂತೆ ಮಾಡಿಸಿ, ಧರೆಯ ಬುಡದಲ್ಲೊಂದು ಚರಂಡಿ ಹೊಡೆಸಿ. ನಾಲ್ಕು ಆಳಿನ ಎರಡು ಮೂರು ದಿನದ ಕೆಲಸ. ಮಾರುವ ಮುಂಚೆ ಮಾಡುವ ಖರ್ಚಿನಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಲಾಭ ಕೊಡುವುದು ನನಗೆ ಬೇರೆ ಗೊತ್ತಿಲ್ಲ.

ಹೆಂಚು ಒಡೆದಿದ್ದರೆ ಬದಲಿಸಿ, ಸೂರಿನ ತಗಡಿನ ದೋಣಿಯಲ್ಲಿ ಕೂತ ಎಲೆ ತೆಗೆಸಿ. ಹೆಂಚು ಹೊರುವ ಮರದ ರೀಪು, ಪಕಾಸಿಗೆ ಗೆದ್ದಲು ಹತ್ತಿದೆಯಾ ಅಂತ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಬಾಗಿಲ ಚೌಕಟ್ಟಿನ ಬುಡಕ್ಕೂ ಚುಚ್ಚಿ, ಟೊಳ್ಳು ಶಬ್ದ ಬಂದರೆ ಕೆಲಸ ಇದೆ ಅಂತ ಅರ್ಥ. ಗೆದ್ದಲಿಗೆ ಮೇಲೆ ಮೇಲೆ ಔಷಧಿ ಸಿಂಪಡಿಸಿದರೆ ಉಪಯೋಗ ಇಲ್ಲ. ಗೋಡೆ ನೆಲ ಸೇರುವ ಜಾಗದಲ್ಲಿ ಅಡಿಗೊಂದು ತೂತು ಹೊಡೆದು ಔಷಧಿ ಇಳಿಸುವವರನ್ನೇ ಕರೆಸಿ, ಗ್ಯಾರಂಟಿ ಕಾಗದ ತೆಗೆದಿಡಿ. ಕೊಳ್ಳುವವರಿಗೆ ಆ ಕಾಗದ ತೋರಿಸಿದರೆ ನಂಬಿಕೆ ಬರುತ್ತದೆ. ಇನ್ನು ಪೇಟೆಯ ಟೆರೇಸ್ ಮನೆಗೆ ಶೀಟ್ ಹಾಕಿಸಿದ್ದರೆ ಒಳ್ಳೆಯದೇ. ಆದರೆ ಕೆಳಗಿನ ಸ್ಲ್ಯಾಬ್‌ನ ಕಬ್ಬಿಣ ಆಗಲೇ ತುಕ್ಕು ಹಿಡಿದು ಸೀಲಿಂಗ್ ಬಿರುಕು ಬಿಟ್ಟಿದ್ದರೆ ಶೀಟ್ ಅದನ್ನು ಸರಿಮಾಡುವುದಿಲ್ಲ.

ಮುಟ್ಟಬಾರದ ಕೆಲವೂ ಇವೆ. ರೆಡ್ ಆಕ್ಸೈಡ್ ನೆಲ ಇದ್ದರೆ ದಯವಿಟ್ಟು ಅದರ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಬೇಡಿ. ಚೆನ್ನಾಗಿ ತೊಳೆದು ಪಾಲಿಶ್ ಮಾಡಿಸಿದರೆ ಸಾಕು. ಹಲಸಿನ ಮರದ ಬಾಗಿಲು, ಬೀಟೆ ಮರದ ಕಂಬ, ಇವಕ್ಕೆ ಬ್ರೌನ್ ಪೇಂಟ್ ಬಳಿದವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಬಳಿದಿದ್ದರೆ ಉಜ್ಜಿ ತೆಗೆಸಿ. ಹಳೆ ಮನೆ ಹುಡುಕಿಕೊಂಡು ಬರುವವರು ಬರುವುದೇ ಇದಕ್ಕೆ. ಮಾರುವುದಕ್ಕೋಸ್ಕರ ಮಾಡ್ಯುಲರ್ ಕಿಚನ್ ಮಾಡಿಸುವುದೂ ಬೇಡ, ಬಂದವರು ತಮಗೆ ಬೇಕಾದ ಹಾಗೆ ಅದನ್ನು ಕಿತ್ತು ಹಾಕ್ತಾರೆ. ವಾಸ್ತು ಅಂತ ಬಾಗಿಲು ಒಡೆಯುವುದೂ ಬೇಡ. ನಿಮ್ಮ ವಾಸ್ತು ಪಂಡಿತರು ಹೇಳಿದ್ದನ್ನು ಅವರ ಪಂಡಿತರು ಒಪ್ಪಬೇಕಲ್ವಾ?

ಪೇಂಟ್ ವಿಷಯಕ್ಕೆ ಬರೋಣ. ಹೊಸ ಗಾರೆ ಮಾಡಿಸಿದ್ದರೆ ಕನಿಷ್ಠ 28 ದಿನ ಬಿಡಿ. ನಮ್ಮ ಕಡೆ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸುವುದು ವಾಸಿ. ಅಡಿಕೆ ದುಡ್ಡು ಕೈಗೆ ಬಂದು ಜನ ಮನೆ ನೋಡಲು ಹೊರಡುವ ಕಾಲವೂ ಹೆಚ್ಚುಕಡಿಮೆ ಅದೇ. ಹೊರಗಿನ ಗೋಡೆಯ ಪಾಚಿಯನ್ನು ಉಜ್ಜಿ ತೆಗೆಯದೆ ಮೇಲೆ ಬಣ್ಣ ಹೊಡೆಯಲು ಬಿಡಬೇಡಿ. ಮಳೆಗಾಲದಲ್ಲೇ ಮಾಳಿಗೆಯ ಫೋಟೋ ಒಂದೆರಡು ತೆಗೆದಿಟ್ಟಿದ್ದರೆ ಒಳ್ಳೆಯದು, ಬೇಸಿಗೆಯಲ್ಲಿ ಬಂದವರು "ಸೋರುತ್ತಾ?" ಅಂದರೆ ತೋರಿಸಬಹುದು.

ಕಾಗದದ ಕೆಲಸ ರಿಪೇರಿಯ ಜೊತೆಜೊತೆಗೇ ಶುರುಮಾಡಿ. ಈಗ ಮನೆ, ಸೈಟು ನೋಂದಣಿಗೆ ಇ-ಖಾತೆ (ಆಸ್ತಿಯ ಡಿಜಿಟಲ್ ಖಾತೆ) ಬೇಕು. ಪಂಚಾಯಿತಿ ಊರಾದರೆ ಪಂಚಾಯಿತಿ ಆಸ್ತಿಗಳ ಡಿಜಿಟಲ್ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11. ಖಾತೆ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದ್ದರೆ ಅಕ್ಕತಂಗಿಯರ ಸಹಿಯೂ ಬೇಕಾಗುತ್ತದೆ, ಆ ಮಾತು ಮನೆಯಲ್ಲಿ ಮೊದಲೇ ಮುಗಿಸಿಕೊಳ್ಳಿ. ಮೇಲೆ ಕಟ್ಟಿಸಿದ ರೂಮು ದಾಖಲೆಯಲ್ಲಿ ಇಲ್ಲದಿದ್ದರೆ ಕೊಳ್ಳುವವರ ಬ್ಯಾಂಕ್ ಅದಕ್ಕೆ ಬೆಲೆ ಕಟ್ಟದೇ ಇರಬಹುದು.

ಬಿಲ್‌ಗಳನ್ನು ಎಸೆಯಬೇಡಿ. ಹೊಸ ರೂಮು, ಬೋರ್‌ವೆಲ್, ಕಾಂಪೌಂಡ್ ಇಂಥವುಗಳ ಖರ್ಚನ್ನು ಮಾರಾಟದ ಲಾಭದಿಂದ ಕಳೆದು ತೆರಿಗೆ ಲೆಕ್ಕ ಹಾಕಬಹುದು, ಪೇಂಟ್ ಮತ್ತು ಸಣ್ಣಪುಟ್ಟ ರಿಪೇರಿಗೆ ಸಾಮಾನ್ಯವಾಗಿ ಆ ಅವಕಾಶ ಇಲ್ಲ. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಆಸ್ತಿಯಾದರೆ ಇಂಡೆಕ್ಸೇಶನ್ (ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ ಲೆಕ್ಕ ಹಾಕುವುದು) ಇಲ್ಲದೆ ಲಾಭದ ಮೇಲೆ ಶೇ. 12.5 ತೆರಿಗೆ ಅಥವಾ ಇಂಡೆಕ್ಸೇಶನ್ ಜೊತೆ ಶೇ. 20, ಯಾವುದು ಕಡಿಮೆ ಬರುತ್ತದೋ ಆಡಿಟರ್ ಹತ್ತಿರ ಲೆಕ್ಕ ಹಾಕಿಸಿ. ಮೇಸ್ತ್ರಿ ಬಿಲ್ ಕೊಡಲ್ಲ ಅಂದರೆ ಬಿಳಿ ಹಾಳೆಯಲ್ಲಿ ಕೆಲಸ, ತಾರೀಕು, ಮೊತ್ತ ಬರೆಸಿ ಸಹಿ ಹಾಕಿಸಿ, ದುಡ್ಡನ್ನು ಬ್ಯಾಂಕ್ ಮೂಲಕವೇ ಕೊಡಿ.