ಕಟ್ಟೆಯ ಮೇಲೆ ಸಿಕ್ಕವರು ಮತದಾರರ ಮಾದರಿಯಲ್ಲ

ಚುನಾವಣಾ ಸಮೀಕ್ಷೆ ಎಂದೊಡನೆ ಎಷ್ಟು ಜನರನ್ನು ಮಾತನಾಡಿಸಿದಿರಿ ಎಂದು ಎಲ್ಲರೂ ಕೇಳುತ್ತಾರೆ. ಅವರನ್ನು ಆರಿಸಿದ್ದು ಹೇಗೆ ಎಂದು ಕೇಳುವವರು ಕಡಿಮೆ. ಒಂದು ಮತಗಟ್ಟೆಯ ಪಟ್ಟಿಯಲ್ಲಿ 1000 ಹೆಸರುಗಳಿದ್ದು ನಮಗೆ 20 ಜನ ಬೇಕಿದ್ದರೆ, 1ರಿಂದ 50ರವರೆಗಿನ ಚೀಟಿಗಳಲ್ಲಿ ಒಂದನ್ನು ಎತ್ತುತ್ತೇವೆ. 17 ಬಂದರೆ 17, 67, 117 ಹೀಗೆ ಐವತ್ತೈವತ್ತು ಬಿಟ್ಟು ಬರುವ ಹೆಸರಿನವರನ್ನೇ ಹುಡುಕಿಕೊಂಡು ಹೋಗಬೇಕು. 117ನೆಯವರು ಕೂಲಿಗೆ ಹೋಗಿದ್ದಾರೆಂದು ಅರಳಿಕಟ್ಟೆಯ ಮೇಲೆ ಕುಳಿತವರ ಉತ್ತರ ಬರೆದುಕೊಂಡು ಬಂದ ಹುಡುಗನನ್ನು ನಾನು ಸಂಜೆ ಮತ್ತೆ ಅದೇ ಮನೆಗೆ ಕಳಿಸಿದ್ದುಂಟು. ಕಟ್ಟೆಯಲ್ಲಿ ಸಿಗುವವರು ಹೆಚ್ಚಾಗಿ ಗಂಡಸರು, ಅದರಲ್ಲೂ ರಾಜಕೀಯ ಮಾತನಾಡುವ ಹುಮ್ಮಸ್ಸಿನವರು. ಸಾವಿರ ಜನರ ಸಮೀಕ್ಷೆಯಲ್ಲಿ ಸುಮಾರು ಮೂರು ಶೇಕಡಾಂಶದಷ್ಟು ಆಚೀಚೆಯಾಗಬಹುದು ಎನ್ನುವ ಲೆಕ್ಕ ಚೀಟಿ ಎತ್ತಿ ಆರಿಸಿದವರಿಗೆ ಮಾತ್ರ ಅನ್ವಯಿಸುತ್ತದೆ. ಕಟ್ಟೆಯವರನ್ನು ಲಕ್ಷ ಸಂಖ್ಯೆಯಲ್ಲಿ ಕೇಳಿದರೂ ಒಂದೇ ಬಗೆಯ ಜನರ ಕಡೆಗಿನ ವಾಲಿಕೆ ತಗ್ಗುವುದಿಲ್ಲ.

ಸರಿಯಾದ ವ್ಯಕ್ತಿ ಸಿಕ್ಕಿದ ಮೇಲೂ ಉತ್ತರ ಅವರದ್ದೇ ಆಗಿರಬೇಕಲ್ಲ. ಹೆಂಡತಿಯನ್ನು ಕೇಳಿದರೆ ಬಾಗಿಲಲ್ಲಿ ನಿಂತ ಗಂಡ, “ನಮ್ಮನೇಲಿ ಎಲ್ರದ್ದೂ ಒಂದೇ ಪಾರ್ಟಿ, ಬರ್ಕೊಳ್ಳಿ ಸಾರ್” ಎನ್ನುತ್ತಾನೆ. ಆದ್ದರಿಂದ ಮತದ ಪ್ರಶ್ನೆಯನ್ನು ನಾವು ಬಾಯಲ್ಲಿ ಕೇಳದೆ, ಚಿಹ್ನೆಗಳಿರುವ ನಕಲಿ ಮತಪತ್ರ ಕೊಟ್ಟು, ಗುರುತು ಹಾಕಿ ಮಡಚಿ ಡಬ್ಬಿಗೆ ಹಾಕಿಸುತ್ತೇವೆ. ಪ್ರಶ್ನೆಗಳ ಸರದಿಯೂ ಮುಖ್ಯ: ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತಿದೆಯೇ ಎಂದು ವಿಚಾರಿಸಿದ ಬೆನ್ನಿಗೇ ಮತ ಯಾರಿಗೆಂದು ಕೇಳುವುದು, ಕೇಳಿದವರಿಗೆ ಗೊತ್ತಿರಲಿ ಬಿಡಲಿ, ಉತ್ತರವನ್ನು ಒಂದು ಕಡೆಗೆ ತಳ್ಳಿದಂತೆಯೇ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ನಮ್ಮ ಕೈಗೆ ಬರುವುದು ಮತಪ್ರಮಾಣವೇ ಹೊರತು ಸೀಟುಗಳಲ್ಲ. ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿ 2018ರಲ್ಲಿಯೂ 2023ರಲ್ಲಿಯೂ ಪಡೆದದ್ದು ಸುಮಾರು ಶೇ 36ರಷ್ಟು ಮತ. ಸೀಟು ಮಾತ್ರ 104ರಿಂದ 66ಕ್ಕೆ ಇಳಿಯಿತು. ಈ ನಡುವೆ ಜೆಡಿಎಸ್ ಮತ ಸುಮಾರು ಶೇ 18ರಿಂದ 13ಕ್ಕೆ ಕುಸಿದು ಕಾಂಗ್ರೆಸ್ ಮತ 38ರಿಂದ 43ರ ಹತ್ತಿರಕ್ಕೆ ಏರಿತ್ತು. ಬಿಜೆಪಿಯ ಮತವನ್ನು ನಿಖರವಾಗಿ ಅಳೆದು, ಉಳಿದ ಮತ ಹೇಗೆ ಹಂಚಿಹೋಗಿದೆ ಎಂಬುದನ್ನು ತಪ್ಪಿಸಿಕೊಂಡ ಸಮೀಕ್ಷಕನ ಸೀಟಿನ ಲೆಕ್ಕ ತಲೆಕೆಳಗಾಗಲು ಅಷ್ಟೇ ಸಾಕಿತ್ತು. ನಾನು ಶೇಕಡಾವಾರು ಮತವನ್ನು ಮೊದಲು ಕೊಟ್ಟು, ಸೀಟು ಕೇಳಿದರೆ ಇಷ್ಟರಿಂದ ಇಷ್ಟರವರೆಗೆ ಎನ್ನುತ್ತೇನೆ. ಟೀವಿಯವರಿಗೆ ಅದು ರುಚಿಸುವುದಿಲ್ಲ. ಪರದೆಯ ಮೇಲೆ ತೋರಿಸಲು ಅವರಿಗೆ ಒಂದೇ ಅಂಕಿ ಬೇಕು.