ಔಝೂ ಪಟ್ಟಿ: ತೀರ್ಪು ಬಂತು, ಸೈನ್ಯ ಹಿಂದೆ ಸರಿಯಿತು

ಪೊಲೀಸರೇ ಇಲ್ಲದ ಕಾನೂನು ಯುದ್ಧವನ್ನು ಹೇಗೆ ತಡೆಯುತ್ತದೆ? ಅಂತಾರಾಷ್ಟ್ರೀಯ ಕಾನೂನು ಓದುವ ಎಲ್ಲರಿಗೂ ಮೊದಲು ಕಾಡುವ ಪ್ರಶ್ನೆ ಇದೇ ಅಲ್ವಾ? ನನಗೆ ಉತ್ತರ ಸಿಕ್ಕಿದ್ದು ಆಫ್ರಿಕಾದ ಲಿಬಿಯಾ–ಚಾಡ್ ಗಡಿ ಪ್ರಕರಣದಲ್ಲಿ.

ಮೊದಲು ಮೂರು ಸಂಖ್ಯೆ ನೆನಪಿಟ್ಟುಕೊಳ್ಳಿ. 1945ರ ವಿಶ್ವಸಂಸ್ಥೆ ಸನದಿನ 2(4)ನೇ ವಿಧಿ ಪ್ರಕಾರ ಇನ್ನೊಂದು ದೇಶದ ಮೇಲೆ ಬಲ ಪ್ರಯೋಗಿಸುವುದಷ್ಟೇ ಅಲ್ಲ, ಹಾಗೆ ಬೆದರಿಸುವುದೂ ತಪ್ಪು. 51ನೇ ವಿಧಿ ಆತ್ಮರಕ್ಷಣೆಗೆ ಅವಕಾಶ ಕೊಡುತ್ತದೆ. ಜಗಳವನ್ನು ಮಾತುಕತೆ, ಮಧ್ಯಸ್ಥಿಕೆ, ಕೋರ್ಟು ಇಂಥ ದಾರಿಗಳಲ್ಲಿ ಬಗೆಹರಿಸಿಕೊಳ್ಳಿ ಎನ್ನುವುದು 33ನೇ ವಿಧಿ. ನಮ್ಮ ಪ್ರಕರಣ ನಿಂತಿರುವುದು ಈ ಕೊನೆಯದರ ಮೇಲೆ.

ಚಾಡ್ ದೇಶದ ಉತ್ತರ ತುದಿಯಲ್ಲಿರುವ ಮರುಭೂಮಿಯೇ ಔಝೂ ಪಟ್ಟಿ. ಸುಮಾರು 1,14,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಅರ್ಧಕ್ಕಿಂತ ಜಾಸ್ತಿ. 1973ರಲ್ಲಿ ಲಿಬಿಯಾ ಇದನ್ನು ಹಿಡಿದುಕೊಂಡಿತು. ಆಗ ಸನದು ಇತ್ತು, 2(4) ಇತ್ತು, ಆದರೂ ತಡೆಯಲಾಗಲಿಲ್ಲ. ಇದನ್ನು ಮುಚ್ಚಿಟ್ಟು ಮೇಲಿನ ಪ್ರಶ್ನೆಗೆ ಉತ್ತರ ಬರೆಯಬಾರದು. 1987ರ ಹೊತ್ತಿಗೆ ಕಾಳಗ ಜೋರಾಗಿ, ಲಿಬಿಯಾ ದೊಡ್ಡ ಪೆಟ್ಟು ತಿಂದಿತು. ಆ ಸೆಪ್ಟೆಂಬರಿನಲ್ಲಿ ಕದನ ವಿರಾಮವಾಯಿತು.

ಕಾನೂನಿನ ಕೆಲಸ ಶುರುವಾದದ್ದು ಇಲ್ಲಿ. ಯುದ್ಧ ನಿಂತಿದ್ದರೂ ಜಗಳ ಹಾಗೇ ಇತ್ತು. ಯಾವಾಗ ಬೇಕಾದರೂ ಮತ್ತೆ ಹೊತ್ತಿಕೊಳ್ಳಬಹುದಿತ್ತು. 1989ರಲ್ಲಿ ಅಲ್ಜೀರ್ಸ್‌ನಲ್ಲಿ ಎರಡೂ ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು: ಒಂದು ವರ್ಷದೊಳಗೆ ಮಾತುಕತೆಯಲ್ಲಿ ಮುಗಿಯದಿದ್ದರೆ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗೋಣ. ಮಾತುಕತೆಯಲ್ಲಿ ಮುಗಿಯಲಿಲ್ಲ. 1990ರಲ್ಲಿ ಪ್ರಕರಣ ಕೋರ್ಟಿಗೆ ಹೋಯಿತು.

ವಾದ ಕೇಳಿ. ಇಲ್ಲಿ ಗಡಿ ಎಂದೂ ಗುರುತಾಗಿಲ್ಲ, ಈ ನೆಲ ನಮ್ಮದು ಎಂದಿತು ಲಿಬಿಯಾ. ಚಾಡ್ ತೋರಿಸಿದ್ದು 1955ರ ಫ್ರಾನ್ಸ್–ಲಿಬಿಯಾ ಸ್ನೇಹ ಒಪ್ಪಂದ. ಚಾಡ್ ಆಗ ಇನ್ನೂ ಫ್ರಾನ್ಸಿನ ಕೈಯಲ್ಲಿತ್ತು. ಲಿಬಿಯಾ ಸ್ವತಂತ್ರವಾದಾಗ ಜಾರಿಯಲ್ಲಿದ್ದ ಯಾವ ಯಾವ ದಾಖಲೆಗಳಿಂದ ಗಡಿ ತೀರ್ಮಾನವಾಗುತ್ತದೆ ಎಂಬ ಪಟ್ಟಿ ಅದರ ಜೊತೆಗಿದ್ದ ಪತ್ರಗಳಲ್ಲೇ ಇತ್ತು. ಲಿಬಿಯಾ ತಾನೇ ಸಹಿ ಹಾಕಿತ್ತು! ಆ ಒಪ್ಪಂದವನ್ನು 20 ವರ್ಷದ ನಂತರ ಕೊನೆಗೊಳಿಸಬಹುದಿತ್ತು ನಿಜ. ಆದರೆ ಒಪ್ಪಂದ ಮುಗಿದರೂ ಅದು ಗುರುತಿಸಿದ ಗಡಿ ಉಳಿಯುತ್ತದೆ ಎಂದಿತು ಕೋರ್ಟು. ನನಗೆ ತುಂಬ ಮುಖ್ಯ ಅನ್ನಿಸಿದ್ದು ಈ ಮಾತು. ಕಾಗದದ ಅವಧಿ ಮುಗಿದಾಗಲೆಲ್ಲ ಗಡಿ ಅಲುಗಾಡಿದರೆ ಯಾವ ನೆರೆಯವರೂ ನೆಮ್ಮದಿಯಾಗಿ ಇರಲಾರರು.

1994ರ ಫೆಬ್ರವರಿ 3ರಂದು 16–1 ಬಹುಮತದಿಂದ ತೀರ್ಪು ಚಾಡ್ ಪರವಾಗಿ ಬಂತು. ವಿಶ್ವಸಂಸ್ಥೆ ಒಂಬತ್ತು ಸೇನಾ ವೀಕ್ಷಕರ ಪುಟ್ಟ ತಂಡ ಕಳಿಸಿತು. ಮೇ ತಿಂಗಳ ಕೊನೆಗೆ ಲಿಬಿಯಾದ ಸೈನ್ಯ ಜಾಗ ಖಾಲಿ ಮಾಡಿತು. ಯಾರೂ ಬಂದೂಕು ಹಿಡಿದು ಓಡಿಸಲಿಲ್ಲ. ಕಾದಾಡಿ ಸೋತು ನೆಲ ಬಿಡುವುದಕ್ಕಿಂತ ತೀರ್ಪಿಗೆ ತಲೆಬಾಗಿ ಬಿಡುವುದು ಯಾವ ಸರ್ಕಾರಕ್ಕಾದರೂ ಸುಲಭ. ಕಾನೂನು ಕೊಡುವುದು ಈ ಮರ್ಯಾದೆಯ ದಾರಿಯನ್ನು.

ಹೋಲಿಕೆಗೆ ಉಕ್ರೇನ್ ನೋಡಿ. 2022ರ ಮಾರ್ಚ್ 16ರಂದು ಇದೇ ಕೋರ್ಟು 13–2 ಬಹುಮತದಿಂದ ರಷ್ಯಾಕ್ಕೆ ಸೇನಾ ಕಾರ್ಯಾಚರಣೆ ನಿಲ್ಲಿಸಲು ಆದೇಶಿಸಿತು. ರಷ್ಯಾ ನಿಲ್ಲಿಸಲಿಲ್ಲ. ಅಲ್ಲಿ ಕೋರ್ಟಿನ ಬಾಗಿಲು ತಟ್ಟಿದ್ದು ಉಕ್ರೇನ್ ಮಾತ್ರ. ಔಝೂ ವಿಷಯದಲ್ಲಿ ಇಬ್ಬರೂ ಮೊದಲೇ ಒಪ್ಪಿ ಸಹಿ ಹಾಕಿದ್ದರು. ಹಾಗಾಗಿ ಉತ್ತರ ಬರೆಯುವಾಗ 1994ರ ತೀರ್ಪಿನಿಂದ ಶುರು ಮಾಡಬೇಡಿ, 1989ರ ಆ ಸಹಿಯಿಂದ ಶುರು ಮಾಡಿ.