ಊರಿನ ತಂಡಕ್ಕೆ ಊರಿನ ಹುಡುಗರು ಸಾಲದಾದಾಗ

2023ರಲ್ಲಿ ಆಸ್ಟ್ರೇಲಿಯಾದ ಕೊರೋವಾ-ರುದರ್‌ಗ್ಲೆನ್ ಫುಟ್‌ಬಾಲ್ ಕ್ಲಬ್ಬಿನ ಸೀನಿಯರ್ ತಂಡ ಮೈದಾನಕ್ಕೆ ಇಳಿಯಲೇ ಇಲ್ಲ. ಆಡುವವರು ಸಾಲದೆ ಆ ವರ್ಷ ಬಿಡುವು ತೆಗೆದುಕೊಂಡಿತು. ಅದು ಆಡುವ ಓವನ್ಸ್ ಅಂಡ್ ಮರ್ರೆ ಲೀಗಿನ ಇನ್ನೊಂದು ಕ್ಲಬ್ ವಾಂಗರಟ್ಟಾ. 2022ರಲ್ಲಿ ಅದು ಗೆದ್ದ ಪಟ್ಟವನ್ನು ಆಮೇಲೆ ಕಿತ್ತುಕೊಳ್ಳಲಾಯಿತು. ಸಂಬಳದ ಮಿತಿ ಮೀರಿ ಆಟಗಾರರಿಗೆ ದುಡ್ಡು ಕೊಟ್ಟಿದ್ದೇ ಕಾರಣ. ಒಂದು ಕಡೆ ಜನ ಇಲ್ಲ, ಇನ್ನೊಂದು ಕಡೆ ದುಡ್ಡು ಜಾಸ್ತಿ. ಈ ಎರಡು ಸುದ್ದಿಗಳ ಬೇರು ಒಂದೇ, ಮತ್ತು ಅದು ತುಂಬಾ ಹಳೆಯದು.

ಮೊದಲು ಆಟದ ಬಗ್ಗೆ ಎರಡು ಮಾತು. ಇದು ನಾವು ನೋಡುವ ಫುಟ್‌ಬಾಲ್ ಅಲ್ಲ, ಆಸ್ಟ್ರೇಲಿಯನ್ ಫುಟ್‌ಬಾಲ್. ಅಂಡಾಕಾರದ ಚೆಂಡು, ಅಂಡಾಕಾರದ ಮೈದಾನ, ಒಂದೊಂದು ಕಡೆ 18 ಜನ. ಚಳಿಗಾಲದಲ್ಲಿ ಕ್ರಿಕೆಟ್ ಆಟಗಾರರ ಮೈ ಜಡ್ಡುಗಟ್ಟಬಾರದು ಅಂತ 1858ರಲ್ಲಿ ಮೆಲ್ಬರ್ನಿನ ಟಾಮ್ ವಿಲ್ಸ್ ಪತ್ರಿಕೆಗೆ ಒಂದು ಕಾಗದ ಬರೆದರು. ಈ ಆಟದ ಕಥೆಯನ್ನು ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ. ಅಂದರೆ ಇದಕ್ಕೂ ಕ್ರಿಕೆಟ್ಟೇ ಕಾರಣ!

ಓವನ್ಸ್ ಅಂಡ್ ಮರ್ರೆ ಲೀಗ್ ಶುರುವಾಗಿದ್ದು 1893ರಲ್ಲಿ. ಓವನ್ಸ್, ಮರ್ರೆ ಎರಡೂ ನದಿಗಳ ಹೆಸರು. ಮರ್ರೆಯ ಒಂದು ದಡ ವಿಕ್ಟೋರಿಯಾ, ಇನ್ನೊಂದು ನ್ಯೂ ಸೌತ್ ವೇಲ್ಸ್. ಆಗ ಇವೆರಡೂ ಬೇರೆ ಬೇರೆ ವಸಾಹತುಗಳು. ನದಿ ದಾಟಿದರೆ ಸುಂಕ ಕಟ್ಟಬೇಕಿತ್ತು. ಈ ಕಾಟ ಸಾಕಾಗಿ, ಎಲ್ಲ ವಸಾಹತುಗಳೂ ಒಂದೇ ದೇಶವಾಗಬೇಕು ಅಂತ ಜನ ಸೇರಿ ಸಮ್ಮೇಳನ ಮಾಡಿದ್ದು ಇದೇ ಕೊರೋವಾದಲ್ಲಿ, ಅದೇ 1893ರಲ್ಲಿ. ದೇಶ ಒಂದಾಗಲು 1901ರವರೆಗೆ ಕಾಯಬೇಕಾಯಿತು. ಈ ಲೀಗಿನಲ್ಲಂತೂ ಇವತ್ತಿಗೂ ಎರಡೂ ದಡದ ಊರುಗಳು ಒಟ್ಟಿಗೆ ಆಡುತ್ತವೆ.

ಇನ್ನು ದುಡ್ಡಿನ ವಿಷಯ. ಮೆಲ್ಬರ್ನಿನ ದೊಡ್ಡ ಲೀಗ್ 1930ರಲ್ಲಿ ಕೌಲ್ಟರ್ ಕಾನೂನು ಅಂತ ಒಂದು ನಿಯಮ ತಂದಿತು. ಎಂಥ ಆಟಗಾರನಾದರೂ ಒಂದು ಪಂದ್ಯಕ್ಕೆ 3 ಪೌಂಡಿಗಿಂತ ಹೆಚ್ಚು ಕೊಡುವಂತಿಲ್ಲ. ಮುಂದೆ ಮೊತ್ತ ಸ್ವಲ್ಪ ಏರಿದರೂ ಬಿಗಿ ಸಡಿಲವಾಗಲಿಲ್ಲ. ಹಳ್ಳಿಗಾಡಿನ ಕ್ಲಬ್ಬುಗಳಿಗೆ ಆ ಕಟ್ಟುಪಾಡು ಇರಲಿಲ್ಲ. ಅವು ನಗರದ ತಾರೆಯರನ್ನು ಆಡುವ ಕೋಚ್ ಆಗಿ ಬನ್ನಿ ಅಂತ ಕರೆದವು. ಸಂಬಳದ ಜೊತೆಗೆ ಒಂದು ಕೆಲಸವನ್ನೋ ವ್ಯಾಪಾರವನ್ನೋ ಹೊಂದಿಸಿ ಕೊಡುವುದೂ ಇತ್ತು.

ಬಾಬ್ ರೋಸ್ ಇದಕ್ಕೆ ದೊಡ್ಡ ಉದಾಹರಣೆ. ಮೆಲ್ಬರ್ನಿನ ಕಾಲಿಂಗ್‌ವುಡ್ ಕ್ಲಬ್ಬಿನ ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿಯನ್ನು ನಾಲ್ಕು ಸಲ ಗೆದ್ದವರು. 1953ರಲ್ಲಿ ಚಾಂಪಿಯನ್ ಆದ ತಂಡದಲ್ಲೂ ಇದ್ದರು. 1956ರಲ್ಲಿ ಅವರಿಗೆ ಇನ್ನೂ 27 ವರ್ಷ. ಆಟ ಮುಗಿದವರೇನಲ್ಲ. ಆದರೂ ಆ ವರ್ಷ ಮೆಲ್ಬರ್ನ್ ಬಿಟ್ಟು ವಾಂಗರಟ್ಟಾ ರೋವರ್ಸ್ ಸೇರಿದರು. ಆ ಕ್ಲಬ್ ಲೀಗಿಗೆ ಬಂದಿದ್ದೇ 1950ರಲ್ಲಿ. ಅದೇ ಊರಿನ ಹಳೆಯ ವಾಂಗರಟ್ಟಾ ಕ್ಲಬ್ಬಿನ ಎದುರು ತಾನೂ ತಲೆ ಎತ್ತಬೇಕು ಅನ್ನುವ ಹಟ ಅದಕ್ಕಿತ್ತು. ರೋಸ್ ಬಂದ ಮೇಲೆ 1958ರಲ್ಲಿ ಮೊದಲ ಪಟ್ಟ, 1960ರಲ್ಲಿ ಇನ್ನೊಂದು. ಒಬ್ಬ ಆಟಗಾರ ಇಡೀ ಕ್ಲಬ್ಬಿನ ಹಣೆಬರಹ ಬದಲಿಸಬಲ್ಲ ಅಂತ ಎಲ್ಲರಿಗೂ ಕಂಡಿತು. ಕಂಡ ಮೇಲೆ ಪಕ್ಕದ ಊರಿನವರು ಸುಮ್ನೆ ಕೂರುತ್ತಾರಾ?

ಈ ಪೈಪೋಟಿಯಲ್ಲಿ ಹಿಂದೆ ಬಿದ್ದಿದ್ದು ಚಿಕ್ಕ ಊರುಗಳು. ವ್ಯವಸಾಯಕ್ಕೆ ಯಂತ್ರಗಳು ಬಂದವು, ಓದಿಗೂ ಕೆಲಸಕ್ಕೂ ಹುಡುಗರು ಮೆಲ್ಬರ್ನ್ ಕಡೆ ಹೊರಟರು. 1979ರಲ್ಲಿ ನದಿಯಾಚೆಯ ಕೊರೋವಾ, ಈಚೆಯ ದ್ರಾಕ್ಷಾರಸದ ಊರು ರುದರ್‌ಗ್ಲೆನ್ ಒಂದೇ ಕ್ಲಬ್ ಆದವು. ಮನಸ್ಸಿಟ್ಟು ಬೆಳೆಸಿದರೆ ಊರಲ್ಲೇ ಎಂಥ ಹುಡುಗರು ಸಿಗುತ್ತಾರೆ ಅಂತಲೂ ಈ ಕ್ಲಬ್ಬೇ ತೋರಿಸಿತು. ಇಲ್ಲಿಂದ ಹೋದ ಜಾನ್ ಲಾಂಗ್‌ಮೈರ್ 1990ರಲ್ಲಿ ಇನ್ನೂ 19ರ ಹರೆಯದಲ್ಲಿ 98 ಗೋಲು ಹೊಡೆದು, ದೇಶದ ಅತಿ ದೊಡ್ಡ ಲೀಗಾದ ಎಎಫ್‌ಎಲ್‌ನಲ್ಲಿ ಆ ವರ್ಷ ಗೋಲಿನ ಲೆಕ್ಕದಲ್ಲಿ ಮೊದಲಿಗರಾದರು. ಮುಂದೆ ಸಿಡ್ನಿ ಸ್ವಾನ್ಸ್ ಕೋಚ್ ಆಗಿ 2012ರ ಪಟ್ಟ ಗೆದ್ದರು. ಆದರೆ ಅಂಥ ಹುಡುಗರು ಬೆಳೆದ ಮೇಲೆ ಊರಲ್ಲಿ ಉಳಿಯುವುದಿಲ್ಲ, ಅಲ್ವಾ?

2012 ಮತ್ತು 2013ರಲ್ಲಿ ಯಾರವಾಂಗಾ ಕ್ಲಬ್ ಸತತ ಎರಡು ಪಟ್ಟ ಗೆದ್ದಾಗ ಮುಂಚೂಣಿಯಲ್ಲಿದ್ದವರು ಎಎಫ್‌ಎಲ್‌ನ ಮಾಜಿ ತಾರೆ ಬ್ರೆಂಡನ್ ಫೆವೋಲಾ. ಅವರನ್ನು ನೋಡಲು ಜನ ಮುಗಿಬಿದ್ದರು. ಗೇಟಿನಲ್ಲಿ ದುಡ್ಡು ಬಂದರೆ ಲೀಗಿಗೂ ಖುಷಿಯೇ. ಆದರೆ ಎಲ್ಲ ಊರಿಗೂ ಒಬ್ಬೊಬ್ಬ ಫೆವೋಲಾ ಸಿಗುವುದಿಲ್ಲ.

ಕೊನೆಗೆ 2016ರಿಂದ ವಿಕ್ಟೋರಿಯಾದ ಲೀಗುಗಳಿಗೆ ಪಾಯಿಂಟ್ ಪದ್ಧತಿ ಬಂತು. ಊರಲ್ಲೇ ಆಡಿ ಬೆಳೆದ ಹುಡುಗನಿಗೆ 1 ಪಾಯಿಂಟ್, ಈಚೆಗಷ್ಟೇ ಎಎಫ್‌ಎಲ್ ಆಡಿ ಬಂದವನಿಗೆ 6. ತಂಡದ ಒಟ್ಟು ಪಾಯಿಂಟಿಗೆ ಮಿತಿ ಇರುತ್ತದೆ. ಸೊರಗಿದ ಕ್ಲಬ್ಬಿಗೆ ಸ್ವಲ್ಪ ಹೆಚ್ಚು ಕೊಡುತ್ತಾರೆ. ಇದರ ಬೆನ್ನಿಗೇ ಸಂಬಳದ ಮಿತಿಯೂ ಬಂತು. ಪದ್ಧತಿ ನ್ಯಾಯವಾಗಿಯೇ ಇದೆ. ಆದರೆ ಅದು ಹೊರಗಿನವರನ್ನು ತಡೆಯಬಹುದೇ ಹೊರತು ಊರಲ್ಲಿ ಇಲ್ಲದ ಹುಡುಗರನ್ನು ತಂದುಕೊಡಲಾರದು.

ಇದರ ಮೇಲೆ ಕೊರೊನಾ. 2020ರ ಜುಲೈನಲ್ಲಿ, ನೂರು ವರ್ಷಗಳಲ್ಲೇ ಮೊದಲ ಬಾರಿಗೆ, ಎರಡು ರಾಜ್ಯಗಳ ಗಡಿ ಮುಚ್ಚಿತು. ನದಿಯ ಎರಡೂ ಕಡೆಯಿಂದ ಆಟಗಾರರನ್ನು ಸೇರಿಸಬೇಕಾದ ಕ್ಲಬ್ಬಿಗೆ ಸೇತುವೆಯ ಮೇಲೆ ಪೊಲೀಸರು ನಿಂತರೆ ಏನಾಗಬಹುದು, ಯೋಚಿಸಿ. ಆ ವರ್ಷ ಲೀಗೇ ನಡೆಯಲಿಲ್ಲ.

ಕೊರೋವಾ-ರುದರ್‌ಗ್ಲೆನ್ 2024ರಲ್ಲಿ ಮತ್ತೆ ಮೈದಾನಕ್ಕೆ ಬಂತು.